ದೇವಿಯ ಬಲಗೆನ್ನೆ

ನಮ್ಮ ಸ್ಟಾಫ್ ರೂಮಿನ ಗೋಡೆಗೆ ಯಾರೋ ಎರಡು ಹಳದಿ ಚೀಟಿ ಅಂಟಿಸಿದ್ದರು. ಒಂದರಲ್ಲಿ ಪರೀಕ್ಷೆಯ ಮೇಲ್ವಿಚಾರಣೆಯ ಪಾಳಿ, ಇನ್ನೊಂದರಲ್ಲಿ ನೀರಿನ ಕ್ಯಾನು ತರುವವನ ಹೆಸರು. ಮೊನ್ನೆ ಮಧ್ಯಾಹ್ನ ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು, ಕಿಟಕಿ ಮುಚ್ಚಿತ್ತು, ನಾನೊಬ್ಬಳೇ ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದೆ. ಬಲಗಡೆಯ ಚೀಟಿ ತಾನಾಗಿ ಸುಲಿದುಕೊಂಡು, ಅವಸರವೇನೂ ಇಲ್ಲದಂತೆ, ನೆಲಕ್ಕೆ ಬಂತು. ಬೇರೆ ಯಾರಾದರೂ ಆಗಿದ್ದರೆ ಅದನ್ನೆತ್ತಿ ಮತ್ತೆ ಅಂಟಿಸುತ್ತಿದ್ದರು. ನಾನು ಚಪಾತಿಯ ತುಂಡನ್ನು ಕೈಯಲ್ಲೇ ಹಿಡಿದು, ಈ ಕೋಣೆಯಲ್ಲಿ ಈಗ ಯಾರು ಏನನ್ನು ಕೇಳಿದರು ಎಂದು ಸುತ್ತ ನೋಡಿದೆ.

ನಗಬೇಡಿ. ಛತ್ರಪತಿ ಸಂಭಾಜಿನಗರದ ಕಾಲೇಜೊಂದರಲ್ಲಿ ಮೊದಲ ವರ್ಷದ ಮಕ್ಕಳಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುವವಳು ನಾನು. ಜಾತಕ, ದೃಷ್ಟಿ, ಅಡ್ಡ ಬರುವ ಬೆಕ್ಕು ಇವುಗಳ ವಿರುದ್ಧ ಚರ್ಚಾಸ್ಪರ್ಧೆಗಳಲ್ಲಿ ಗಂಟಲು ಹರಿದುಕೊಂಡು ನಾನು ಗೆದ್ದು ತಂದ ಸ್ಟೀಲಿನ ಕಪ್ಪುಗಳಲ್ಲಿ ನಮ್ಮವ್ವ ಇವತ್ತಿಗೂ ಹಾಲಿಗೆ ಹೆಪ್ಪು ಹಾಕುತ್ತಾಳೆ. ಎದುರಾಳಿ ಬಾಯಿ ತೆರೆಯುವ ಮೊದಲೇ ಅವನ ವಾದದಲ್ಲಿ ಎಲ್ಲಿ ತೂತಿದೆ ಎಂದು ಹುಡುಕುವುದು ನನಗೆ ಉಸಿರಾಟದಷ್ಟು ಸಲೀಸು. ಅಂಥವಳು ಬಿದ್ದ ಚೀಟಿಯನ್ನು ನೋಡಿ ಊಟ ಬಿಟ್ಟೆನೆಂದರೆ ಅದಕ್ಕೆ ಕಾರಣ ನಮ್ಮ ನಾಶಿಕದ ಮನೆಯ ಅಡಿಗೆಕೋಣೆಯಲ್ಲಿದೆ. ಅದಕ್ಕೆ ಹಿತ್ತಾಳೆಯ ಮುಖ, ಬೆಳ್ಳಿಯ ಕಣ್ಣು.

ನಾವು ಬಾಗಲಕೋಟೆಯ ಕಡೆಯವರು. ಅಪ್ಪನಿಗೆ ಬ್ಯಾಂಕಿನಲ್ಲಿ ಕೆಲಸ. ವರ್ಗವಾಗಿ ನಾಶಿಕಕ್ಕೆ ಬಂದಾಗ ಸಾಮಾನೆಲ್ಲ ಲಾರಿಯಲ್ಲಿ ಬಂತು, ಬನಶಂಕರಿ ಮಾತ್ರ ಅವ್ವನ ತೊಡೆಯ ಮೇಲೆ ಕೂತು ರೈಲಿನಲ್ಲಿ ಬಂದಳು. ಆಕೆಯ ಕಟ್ಟಿಗೆಯ ಮಂಟಪಕ್ಕೆ ಆ ಭಾಗ್ಯವಿರಲಿಲ್ಲ. ಲಾರಿಯಲ್ಲಿ ಅದರ ಒಂದು ಕಾಲು ಮುರಿಯಿತು. ಅಪ್ಪ ಅಂಟು ಹಚ್ಚಿ, ದಾರ ಸುತ್ತಿ ನಿಲ್ಲಿಸಿದರು. ಬ್ಯಾಂಕಿನವರ ಬಡಗಿತನ ಹೇಗಿರುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ನಮ್ಮಲ್ಲಿ ಮನಸ್ಸು ಎರಡಾದಾಗ ದೇವಿಯ ಹತ್ತಿರ ಪ್ರಸಾದ ಕೇಳುವ ರೂಢಿಯಿದೆ. ಸ್ನಾನ ಮಾಡಿ, ಸೇವಂತಿಗೆಯ ಎರಡು ಎಸಳನ್ನು ನೀರಲ್ಲಿ ಅದ್ದಿ, ದೇವಿಯ ಎರಡು ಕೆನ್ನೆಗೆ ಒಂದೊಂದು ಅಂಟಿಸಬೇಕು. ಕೇಳಬೇಕಾದ್ದನ್ನು ಮನಸ್ಸಿನಲ್ಲೇ ಕೇಳಬೇಕು, ತುಟಿ ಅಲುಗಬಾರದು. ಬಲಗೆನ್ನೆಯ ಎಸಳು ಮೊದಲು ಬಿದ್ದರೆ ಹೌದು, ಎಡಗೆನ್ನೆಯದು ಬಿದ್ದರೆ ಅಲ್ಲ. ಬಲ ಎಂದರೆ ನಮ್ಮ ಬಲವೋ ದೇವಿಯ ಬಲವೋ ಎಂದು ನಾನು ಸಣ್ಣವಳಿದ್ದಾಗ ಪೂಜೆಯ ನಡುವೆ ವಾದ ತೆಗೆದು ಒಂದು ಏಟು ತಿಂದಿದ್ದೇನೆ. ದೇವಿಯ ಬಲ. ಅಷ್ಟು ತಿಳಿದುಕೊಳ್ಳಲು ಆ ಏಟು ಬೇಕಿತ್ತು.

ನನ್ನ ವಾದಗಳನ್ನು ಆಗ ಕೂತು ಕೇಳುತ್ತಿದ್ದವರು ಒಬ್ಬರೇ, ರಘು ಮಾಮಾ. ಅಪ್ಪನ ತಂಗಿ ಸುಧಾ ಅತ್ಯಾಳ ಗಂಡ, ನಾಶಿಕದಲ್ಲೇ ಇದ್ದವರು. ಅಂಬಡ್‌ನ ಕಾರ್ಖಾನೆಯೊಂದರಲ್ಲಿ ಕರೆಂಟಿನ ಸ್ವಿಚ್ಚುಗಳನ್ನು ಪರೀಕ್ಷೆ ಮಾಡುವುದು ಅವರ ಕೆಲಸ. ಭಾನುವಾರ ಇಬ್ಬರೂ ನಮ್ಮ ಮನೆಗೆ ಬರುವಾಗ ಮಾಮಾ ಪಾಸಾಗದ ಸ್ವಿಚ್ಚುಗಳನ್ನು ಜೇಬಿನಲ್ಲಿ ಹಾಕಿಕೊಂಡು ಬರುತ್ತಿದ್ದರು. ನೆಲದ ಮೇಲೆ ಸಾಲಾಗಿ ಇಟ್ಟು ಟಿಕ್ ಟಿಕ್ ಎಂದು ಒತ್ತುವುದು ನನ್ನ ಆಟ. ಯಾವುದೂ ಎಲ್ಲಿಗೂ ಜೋಡಿಸಿರಲಿಲ್ಲ; ಆದರೂ ಒತ್ತಿದಾಗಲೆಲ್ಲ ಎಲ್ಲೋ ಯಾರದೋ ಮನೆಯಲ್ಲಿ ದೀಪ ಆರುತ್ತದೆ ಎಂದು ಮಾಮಾ ಗಂಭೀರವಾಗಿ ಹೇಳಿದ್ದರಿಂದ ಕೆಲವು ರಾತ್ರಿ ನನಗೆ ನಿದ್ದೆ ಬರುತ್ತಿರಲಿಲ್ಲ.

“ಪೆಟ್ಟಿಗಿಯೊಳಗ ಕೈ ಹಾಕು. ಕಣ್ಣ ಮುಚ್ಚಿ ತಗಿ” ಎನ್ನುತ್ತಿದ್ದರು ಮಾಮಾ, ಒಂದಿಷ್ಟು ಒಳ್ಳೆಯ ಸ್ವಿಚ್ಚುಗಳನ್ನೂ ಅವುಗಳ ಜೊತೆ ಪೆಟ್ಟಿಗೆಯಲ್ಲಿ ಬೆರೆಸಿಟ್ಟು. ಕೆಟ್ಟ ಸ್ವಿಚ್ಚು ಕೈಗೆ ಬಂದರೆ ಚಪ್ಪಾಳೆ ತಟ್ಟುತ್ತಿದ್ದರು. “ಕೆಟ್ಟದ್ದು ಬಂದ್ರ ಯಾಕ ಚಪ್ಪಾಳಿ?” ಎಂದು ನಾನು ಜಗಳಕ್ಕೆ ನಿಂತರೆ, “ಹುಚ್ಚೀ, ನಾ ಹುಡುಕಾಂವ ಕೆಟ್ಟದ್ದನ್ನ. ಸಿಕ್ಕಿದ್ದು ಅದ ಅಂದ್ರ ನಾ ಗೆದ್ದಂಗ ಅಲ್ಲೇನು?” ಎನ್ನುತ್ತಿದ್ದರು. ಮುಂದೆ ಪಾಠದ ಪುಸ್ತಕದಲ್ಲಿ ಅದೇ ಮಾತನ್ನು ಓದಿದೆ. ಬೈನೋಮಿಯಲ್ ಲೆಕ್ಕದಲ್ಲಿ ಪ್ರತಿ ಪ್ರಯೋಗಕ್ಕೂ ಎರಡೇ ಫಲ. ಒಂದಕ್ಕೆ ‘ಯಶಸ್ಸು’ ಎಂದು ಹೆಸರಿಡುತ್ತಾರೆ. ಅದು ಒಳ್ಳೆಯದೇ ಆಗಿರಬೇಕೆಂದಿಲ್ಲ. ಬಲ್ಬು ಒಡೆಯುವುದನ್ನು ಎಣಿಸುವವನಿಗೆ ಒಡೆದದ್ದೇ ಯಶಸ್ಸು. ಸಾವನ್ನು ಎಣಿಸುವವನಿಗೆ ಸಾವೇ ಯಶಸ್ಸು. ಪ್ರತಿ ವರ್ಷ ಈ ವಾಕ್ಯ ಹೇಳಿ ನಾನು ತರಗತಿಯ ಮುಖ ನೋಡುತ್ತೇನೆ. ಹಿಂದಿನ ಬೆಂಚಿನಿಂದ ಯಾವನಾದರೂ ಕೇಳಿಯೇ ಕೇಳುತ್ತಾನೆ: “ಮ್ಯಾಡಮ್, ನಾಣಂ ಉಭಂ ರಾಹಿಲಂ ತರ್?” ನಾಣ್ಯ ಅಂಚಿನ ಮೇಲೆ ನಿಂತುಬಿಟ್ಟರೆ? ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ, ಆದರೆ ಸ್ವಲ್ಪ ತಡವಾಗಿ.

ಏಕೆಂದರೆ ರಘು ಮಾಮಾ ಹಾಗೆ ನಿಂತುಬಿಟ್ಟವರು.

ಒಂದು ಬೇಸಿಗೆಯಲ್ಲಿ ಅವರಿಬ್ಬರೂ ಊರಿಗೆ ಹೊರಟಿದ್ದರು. ಮನ್ಮಾಡ್ ಜಂಕ್ಷನ್ನಿನಲ್ಲಿ ರೈಲು ಬಹಳ ಹೊತ್ತು ನಿಲ್ಲುತ್ತದೆ. ಮಾಮಾ ನೀರಿನ ಬಾಟಲಿ ಹಿಡಿದು ಇಳಿದರು. ರೈಲು ಹೊರಟಿತು. ಬೇರೆ ಡಬ್ಬಿ ಹತ್ತಿರಬೇಕು, ಮುಂದಿನ ಸ್ಟೇಶನ್ನಿನಲ್ಲಿ ಬರುತ್ತಾರೆ ಎಂದು ಅತ್ಯಾ ಬುತ್ತಿ ಬಿಚ್ಚದೆ ಕೂತಳು. ಮುಂದಿನ ಸ್ಟೇಶನ್ನು ಬಂತು, ಅದರ ಮುಂದಿನದೂ ಬಂತು. ಸೀಟಿನ ಕೆಳಗೆ ಅವರ ಚಪ್ಪಲಿ ಹಾಗೇ ಇತ್ತು. ಅಪ್ಪ ಮನ್ಮಾಡಿಗೆ ಓಡಿದರು. ಪೊಲೀಸರು, ಆಸ್ಪತ್ರೆ, ಫೋಟೋ ಇದ್ದ ಹಾಳೆಗಳು, ಎಲ್ಲವೂ ಆಯಿತು. ಬರಿಗಾಲಲ್ಲಿ ಇಳಿದವನು ದೂರ ಹೋಗಲಾರ ಎಂದು ಅಪ್ಪ ಮತ್ತೆ ಮತ್ತೆ ಹೇಳುತ್ತಿದ್ದರು. ದೂರ ಹೋಗಲಿಲ್ಲವೆಂದರೆ ಹತ್ತಿರ ಎಲ್ಲಿದ್ದಾರೆ ಎಂದು ನಾನು ಕೇಳಿದೆ. ಆ ಸಲ ಯಾರೂ ಹೊಡೆಯಲಿಲ್ಲ.

ಅತ್ಯಾ ಅಂಬಡ್‌ನ ಬಾಡಿಗೆಯ ಕೋಣೆ ಬಿಟ್ಟು ನಮ್ಮ ಮನೆಗೆ ಬಂದಳು. ಪ್ರತಿ ಶುಕ್ರವಾರ ತಲೆಸ್ನಾನ ಮಾಡಿ ದೇವಿಯ ಮುಂದೆ ಕೂತು ಎರಡು ಎಸಳು ಹಚ್ಚುವುದು ರೂಢಿಯಾಯಿತು. ಏನು ಕೇಳುತ್ತಾಳೆಂದು ಯಾರೂ ಕೇಳಲಿಲ್ಲ, ಇನ್ನೇನಿರುತ್ತದೆ? ಎಸಳು ಬಹುತೇಕ ಬಲಕ್ಕೇ ಬೀಳುತ್ತಿತ್ತು. ಬಿದ್ದಾಗ ಅತ್ಯಾ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ಒಗ್ಗರಣೆ ಹಾಕುತ್ತಿದ್ದಳು. ಅವು ಸಂತೋಷದ ಕಣ್ಣೀರು ಎಂದು ಮನೆಯವರೆಲ್ಲ ತೀರ್ಮಾನಿಸಿದ್ದರು. ತಾಳಿ ಕೊರಳಲ್ಲೇ ಇತ್ತು, ಕುಂಕುಮ ಹಣೆಯಲ್ಲೇ ಇತ್ತು.

ನಾನು ಸಂಭಾಜಿನಗರಕ್ಕೆ ಓದಲು ಹೋದೆ. ಅಲ್ಲೇ ಕೆಲಸಕ್ಕೂ ಸೇರಿದೆ. ಶನಿವಾರ ಬಸ್ಸು ಹತ್ತಿ ನಾಶಿಕಕ್ಕೆ ಬರುವುದು, ಭಾನುವಾರ ಹಿಂದಿರುಗುವುದು. ಹೀಗೆ ಮಾಮಾ ಕಾಣೆಯಾಗಿ ಹನ್ನೆರಡು ವರ್ಷ ಕಳೆದಾಗ ಅಪ್ಪ ಒಂದು ಮಾತು ತೆಗೆದರು. ಕಾಣೆಯಾದವನಿಗೆ ಅಷ್ಟು ಕಾಲ ಕಾದು, ಆಮೇಲೆ ದರ್ಭೆ ಮತ್ತು ಮುತ್ತಲದ ಎಲೆಯಲ್ಲಿ ಅವನ ಆಕಾರ ಮಾಡಿ ಸುಡುವ ವಿಧಿಯೊಂದಿದೆ. ಗೋದಾವರಿಯ ದಂಡೆಯಲ್ಲಿ ಅದನ್ನು ಮಾಡಿಸುವ ಗುರೂಜಿಗಳಿದ್ದಾರೆ. ಅತ್ಯಾ ಹೂಂ ಅನ್ನಬೇಕು, ಅಷ್ಟೇ.

“ಸುಧಾ, ಅವನ ಜೀವಾ ಎಲ್ಲೆರ ಅತಂತ್ರ ಆಗಿ ತಿರಗ್ಲಿಕತ್ತಿದ್ರ ಅದಕ್ಕೊಂದು ದಾರಿ ಬ್ಯಾಡೇನು?” ಎಂದರು ಅಪ್ಪ.

“ಶುಕ್ರವಾರ ಕೇಳ್ತೇನಿ ಅಣ್ಣಾ. ಆಮ್ಯಾಲೆ ಹೇಳ್ತೇನಿ.”

“ಹೋದ ಶುಕ್ರವಾರನೂ ಹಂಗ ಅಂದಿದ್ದಿ.”

“ಹೋದ ಶುಕ್ರವಾರ ಹೋತು.”

ವಾರಗಟ್ಟಲೆ ಇದೇ ಮಾತು. ನನಗೆ ಸಿಟ್ಟು ಬಂತು. ಅತ್ಯಾಳ ಮೇಲಲ್ಲ, ಆ ಎರಡು ಎಸಳಿನ ಮೇಲೆ. ನಲವತ್ತು ದಾಟಿದ ಹೆಂಗಸೊಬ್ಬಳ ಉಳಿದ ಬಾಳು ಒದ್ದೆ ಹೂವು ಯಾವ ಕಡೆ ಜಾರುತ್ತದೆ ಎಂಬುದರ ಮೇಲೆ ನಿಂತಿತ್ತು. ಇದಕ್ಕಿಂತ ದುರ್ಬಲವಾದ ಎದುರಾಳಿ ನನಗೆ ಎಂದೂ ಸಿಕ್ಕಿರಲಿಲ್ಲ. ದೀಪಾವಳಿಯ ರಜೆಗೆ ಬಂದವಳು ನೇರವಾಗಿ ಅಡಿಗೆಕೋಣೆಗೆ ಹೋದೆ. ಅತ್ಯಾ ಬಟಾಣಿ ಬಿಡಿಸುತ್ತಿದ್ದಳು.

“ಅತ್ಯಾ, ನಿನ್ನ ದೇವಿನ್ನ ಒಂದೆರಡು ದಿನ ನನಗ ಕೊಡು.”

“ಕೊಟ್ರ ಏನ್ ಮಾಡ್ತಿ? ಕಾಲೇಜಿಗೆ ಹಾಕ್ತೀಯೇನು?”

“ಪರೀಕ್ಷಾ ಮಾಡ್ತೇನಿ.”

“ನನ್ನೋ, ಆಕೀನ್ನೋ?”

“ಹೂವನ್ನ. ನೋಡು, ಬಲಕ್ಕ ಬೀಳೂದು, ಎಡಕ್ಕ ಬೀಳೂದು ಎರಡೂ ಸರಿಸಮ ಅದ ಅನ್ಕೋ. ಇಪ್ಪತ್ತು ಸಲ ಇಟ್ರ ಸುಮಾರ ಹತ್ತು ಸಲ ಬಲಕ್ಕ ಬೀಳಬೇಕು. ಒಂದೆರಡು ಹೆಚ್ಚುಕಡಿಮಿ ಆದ್ರ ಪರವಾ ಇಲ್ಲ. ಭಾಳ ಹೆಚ್ಚಾದ್ರ ಏನೋ ಐಬು ಅದ ಅಂತ ಅರ್ಥ. ಆದ್ರ ಒಂದು ಶರ್ತು. ನೀ ಏನೂ ಕೇಳಬಾರದು.”

ಅತ್ಯಾ ಕೈಯಲ್ಲಿದ್ದ ಬಟಾಣಿಯ ಸಿಪ್ಪೆಯನ್ನು ಕೆಳಗಿಟ್ಟಳು. “ಪ್ರಶ್ನಿ ಇಲ್ಲದ ಹೂವಿಟ್ರ ಆಕಿ ಏನಂತ ಹೇಳ್ಬೇಕು?”

“ಅದನ್ನ ನೋಡೂದದ.”

ಬೈದು ಕಳಿಸುತ್ತಾಳೆಂದುಕೊಂಡಿದ್ದೆ. ಅವಳು ಬಟಾಣಿಯನ್ನು ಬದಿಗೆ ಸರಿಸಿ, “ಮೊದಲ ಜಳಕಾ ಮಾಡಿ ಬಾ” ಎಂದಳು.

ಎರಡು ಮಧ್ಯಾಹ್ನ ಹಿಡಿಯಿತು. ಫ್ಯಾನ್ ಆರಿಸಿದೆವು, ಕಿಟಕಿ ಹಾಕಿದೆವು, ಹಿತ್ತಾಳೆಯನ್ನು ಪ್ರತಿ ಸಲವೂ ಒರೆಸಿದೆವು. ಎಲ್ಲಾ ಎಸಳನ್ನೂ ಒಂದೇ ಅಳತೆಯಲ್ಲಿ ಆರಿಸಿದ್ದೆ. ಒಂದು ಸಲ ಬಿದ್ದದ್ದು ಇನ್ನೊಂದು ಸಲದ ಮೇಲೆ ನೆರಳು ಹಾಕಬಾರದಲ್ಲ, ಪುಸ್ತಕದ ನಿಯಮ. ಮೊದಲ ಎಸಳು ಬಿದ್ದಾಗ ನಾವಿಬ್ಬರೂ ನಕ್ಕೆವು. ಐದಾರು ಆದಮೇಲೆ ನಗು ತಾನಾಗಿ ನಿಂತಿತು. ಒದ್ದೆ ಎಸಳು ಕೆನ್ನೆಯ ಮೇಲೆ ಅಂಟಿಕೊಂಡು ಕೂತಿರುತ್ತದೆ. ನೋಡುತ್ತಿದ್ದಂತೆ ಅದರ ತುದಿ ಒಂದು ಕೂದಲೆಳೆಯಷ್ಟು ಮೇಲೇಳುತ್ತದೆ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಮಂಟಪದ ಹಲಗೆಯ ಮೇಲೆ ಅದು ಬಿದ್ದಾಗ ಒಂದು ಸಪ್ಪಳ ಬರುತ್ತದೆ. ಮನುಷ್ಯರ ಕಿವಿಗೆ ಕೇಳಿಸಬಾರದಷ್ಟು ಸಣ್ಣ ಸಪ್ಪಳ ಅದು. ನಮಗೆ ಕೇಳಿಸುತ್ತಿತ್ತು.

“ಏನೂ ಕೇಳಿಲ್ಲ ಹೌದಲ್ಲ?” ಎಂದು ನಾನು ನಡುನಡುವೆ ವಿಚಾರಿಸುತ್ತಿದ್ದೆ.

“ಇಲ್ಲವಾ. ನೀ?”

ಅವಳು ಹಾಗೆ ತಿರುಗಿಸಿ ಕೇಳಿದಾಗಲೇ ನನಗೆ ಗೊತ್ತಾಗಿದ್ದು. ಪ್ರಶ್ನೆಯಿಲ್ಲದೆ ಎಸಳು ಹಚ್ಚುವುದು ಆಗದ ಮಾತು. ಬೆರಳು ಹಿತ್ತಾಳೆಯ ಕೆನ್ನೆಗೆ ತಾಗುತ್ತಲೇ ಒಳಗಿನಿಂದ ಏನೋ ಒಂದು ಕೇಳಿಬಿಡುತ್ತದೆ. ಒಮ್ಮೆ, ನಾನೂ ಹೀಗೇ ಯಾವುದಾದರೂ ಸ್ಟೇಶನ್ನಿನಲ್ಲಿ ಇಳಿಯುತ್ತೇನೆಯೇ ಎಂದು ನನ್ನೊಳಗೆ ಯಾರೋ ಕೇಳಿದರು. ಬಲಕ್ಕೆ ಬಿತ್ತು. ಅದನ್ನು ಎಣಿಕೆಗೆ ಹಿಡಿಯಲೋ ಬಿಡಲೋ ಎಂದು ಒದ್ದಾಡಿ, ಹಿಡಿದೆ. ನಮ್ಮಿಬ್ಬರ ಬಾಯಿಯೂ ಮುಚ್ಚಿತ್ತು. ಆದರೂ ಆ ಮುಚ್ಚಿದ ಕೋಣೆಯಲ್ಲಿ ಉತ್ತರಗಳು ಒಂದರ ಹಿಂದೆ ಒಂದು ಬೀಳುತ್ತಲೇ ಇದ್ದವು.

ಇಪ್ಪತ್ತರಲ್ಲಿ ಹದಿನಾರು ಬಲಕ್ಕೆ.

ಅಡಿಗೆಕೋಣೆಯ ನೆಲದ ಮೇಲೆ ಕೂತು ಲೆಕ್ಕ ಹಾಕಿದೆ. ಎರಡೂ ಕೆನ್ನೆ ಸರಿಸಮವಾಗಿದ್ದರೆ ಹದಿನಾರು ಅಥವಾ ಅದಕ್ಕೂ ಹೆಚ್ಚು ಬೀಳುವ ಸಾಧ್ಯತೆ ಸಾವಿರದಲ್ಲಿ ಸುಮಾರು ಆರು. ನಾರ್ಮಲ್ ಗೆರೆಯಿಂದಲೂ ತಾಳೆ ನೋಡಿದೆ. ಆ ಗೆರೆ ಗುಡ್ಡದ ಹಾಗೆ ನುಣ್ಣಗೆ ಏರಿ ಇಳಿಯುತ್ತದೆ. ಹೂವು ಹಾಗಲ್ಲ, ಇಡಿಯಾಗಿ ಬೀಳುತ್ತದೆ. ಎರಡನ್ನೂ ಹೊಂದಿಸಲು ಎಣಿಕೆಯಿಂದ ಅರ್ಧ ಕಳೆಯಬೇಕು. ಹದಿನಾರರ ಬದಲು ಹದಿನೈದೂವರೆ. ಹಾಗೆ ಮಾಡಿದರೆ ಸಾವಿರದಲ್ಲಿ ಏಳು ಎಂದು ಬಂತು. ಗುಡ್ಡದ ತೀರಾ ಬಲ ತುದಿ, ಯಾರೂ ವಾಸ ಮಾಡದ ಕಡೆ.

“ಅರ್ಧಾ ಹೂವು ಎಲ್ಲೆ ಬೀಳ್ತದ?” ಎಂದಳು ಅತ್ಯಾ, ನನ್ನ ಹೆಗಲ ಹಿಂದಿನಿಂದ.

ನಾನು ಮೊಬೈಲು ತೆಗೆದೆ. ಗೋಡೆಗೆ ಫೋಟೋ ನೇರವಾಗಿ ತೂಗುಹಾಕಲು ಮಟ್ಟ ನೋಡುವ ಆ್ಯಪ್ ಇರುತ್ತದಲ್ಲ, ಅದನ್ನು ತೆರೆದು ಮಂಟಪದ ಹಲಗೆಯ ಮೇಲಿಟ್ಟೆ. ದೇವಿ ತನ್ನ ಬಲಕ್ಕೆ ವಾಲಿ ನಿಂತಿದ್ದಳು. ಕಣ್ಣಿಗೆ ಕಾಣದಷ್ಟು, ಆದರೆ ಬಲಗೆನ್ನೆ ಒಂದಿಷ್ಟು ಕೆಳಮುಖವಾಗಲು ಸಾಕಾಗುವಷ್ಟು. ಅಪ್ಪ ಅಂಟಿಸಿದ ಕಾಲು ಗಿಡ್ಡವಾಗಿತ್ತು. ಚಹಾಪುಡಿಯ ಪೆಟ್ಟಿಗೆಯ ರಟ್ಟನ್ನು ಮಡಿಸಿ ಅದರ ಅಡಿಗೆ ಕೊಟ್ಟೆ. ಮಟ್ಟ ಸರಿಯಾಯಿತು. ಮತ್ತೆ ಇಪ್ಪತ್ತು ಸಲ ಇಟ್ಟೆವು: ಒಂಬತ್ತು ಬಲಕ್ಕೆ, ಹನ್ನೊಂದು ಎಡಕ್ಕೆ.

ಅಪ್ಪ ಬ್ಯಾಂಕಿನಿಂದ ಬಂದಾಗ ಎಲ್ಲವನ್ನೂ ವಿವರಿಸಿದೆ. ಅವರು ಕೈಕಾಲು ತೊಳೆಯುವುದನ್ನೂ ಮರೆತು ನಿಂತರು. “ಅಂದ್ರ ಇಷ್ಟ ವರ್ಷ ದೇವಿ ಸುಳ್ಳ ಹೇಳ್ಯಾಳೇನು?”

“ದೇವಿ ಏನೂ ಹೇಳಿಲ್ಲ ಅಪ್ಪಾ. ನಿಮ್ಮ ಮಂಟಪ ಹೇಳ್ಯದ.”

ಸ್ಪರ್ಧೆಯಲ್ಲಾಗಿದ್ದರೆ ಆ ವಾಕ್ಯಕ್ಕೆ ಕಪ್ಪು ಸಿಗುತ್ತಿತ್ತು. ಅತ್ಯಾ ಆ ಮಡಿಸಿದ ರಟ್ಟಿನ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು.

ಶುಕ್ರವಾರ ಬೆಳಿಗ್ಗೆ ಅವಳು ಕೇಳಲು ಕೂತಾಗ ನಾವು ಮೂವರೂ ಬಾಗಿಲಲ್ಲಿ ನಿಂತಿದ್ದೆವು. ಅವಳು ಎಸಳು ಹಚ್ಚಿ ಕಣ್ಣು ಮುಚ್ಚಿದಳು. ಬಹಳ ಹೊತ್ತಾಯಿತು. ಕುಕ್ಕರು ಸೀಟಿ ಹಾಕಿತು. ಯಾರೂ ಹೋಗಿ ಆರಿಸಲಿಲ್ಲ. ಎಡಗೆನ್ನೆಯ ಎಸಳು ಬಿತ್ತು.

ಅಪ್ಪ ಉಸಿರು ಬಿಟ್ಟರು. ನಾನು ಸಮಾಧಾನದ ಮಾತನ್ನು ಮೊದಲೇ ಸಿದ್ಧಮಾಡಿಟ್ಟುಕೊಂಡಿದ್ದೆ: ಇದು ಬರೀ ಹೂವು ಅತ್ಯಾ, ಅವರು ಇಲ್ಲ ಎಂದು ಇದರಿಂದ ಸಾಬೀತಾಗುವುದಿಲ್ಲ, ಇದ್ದಾರೆ ಎಂದು ಅದರಿಂದ ಸಾಬೀತಾಗಿರಲಿಲ್ಲ, ಇತ್ಯಾದಿ. ಹೇಳಲು ಬಾಯಿ ತೆರೆದೆ. ಅತ್ಯಾ ನಮ್ಮ ಕಡೆ ತಿರುಗಿದಳು. ಅವಳು ನಗುತ್ತಿದ್ದಳು. ಅಂಥ ನಗೆಯನ್ನು ಅವಳ ಮುಖದಲ್ಲಿ ನಾನು ಫ್ರಾಕು ತೊಡುತ್ತಿದ್ದ ಕಾಲದಿಂದ ನೋಡಿರಲಿಲ್ಲ.

“ಇದ್ದಾರ” ಎಂದಳು.

“ಯಾರು?”

“ಅವರು. ಇದ್ದಾರ, ವೈನಿ!” ಎಂದು ಅವ್ವನ ಎರಡೂ ಕೈ ಹಿಡಿದುಕೊಂಡಳು.

“ಎಡಕ್ಕ ಬಿದ್ದದ ಅತ್ಯಾ” ಎಂದೆ ನಾನು, ಮೂರ್ಖಳ ಹಾಗೆ.

“ಅದ ಮತ್ತ! ನಾ ಏನ್ ಕೇಳ್ತಿದ್ದೆ ಅಂತ ಮಾಡೀದಿ? ಅವರು ಹೋಗ್ಯಾರ ಅಂದ್ರ ಬಲಕ್ಕ ಕೊಡು ಅಂತ ಕೇಳ್ತಿದ್ದೆ. ಒಳ್ಳೇದನ್ನ ಕೇಳಾಕ ಧೈರ್ಯ ಆಗ್ಲಿಲ್ಲವಾ. ಕೆಟ್ಟದ್ದು ಕೇಳಿದ್ರ ಆಕಿ ಅಲ್ಲ ಅಂದಾಳು ಅಂತ. ಒಮ್ಮೊಮ್ಮೆ ಅಲ್ಲ ಅಂದ್ರೂ ಮುಂದಿನ ವಾರ ಮತ್ತ ಹೌದು ಹೌದು ಅಂತಿದ್ಲು. ಈ ಶುಕ್ರವಾರನೂ ಬಲಕ್ಕ ಕೊಟ್ರ ಅಣ್ಣಗ ಹೂಂ ಅನ್ನಾಕಿದ್ದೆ. ಮೇಘಾ, ನೀ ಕಲತದ್ದು ಸಾರ್ಥಕ ಆತು ನೋಡು.”

ಮೇಘಾ ಎಂದರೆ ನಾನು. ಕಲಿತದ್ದು ಸಾರ್ಥಕವಾದವಳು ಗೋಡೆ ಹಿಡಿದು ನಿಂತಿದ್ದೆ. ಯಶಸ್ಸು ಎಂದರೆ ಯಾವುದು ಎಂದು ಮೊದಲು ಕೇಳಿಕೊಳ್ಳಬೇಕೆಂದು ಬೇರೆಯವರ ಮಕ್ಕಳಿಗೆ ಪಾಠ ಹೇಳುವ ನಾನು ಅದೊಂದನ್ನು ಬಿಟ್ಟು ಎಲ್ಲವನ್ನೂ ಅಳೆದಿದ್ದೆ. ಒಪ್ಪಲು ಹೊರಟವಳನ್ನು ಲೆಕ್ಕ ಹಾಕಿ ತಡೆದಿದ್ದೆ. ಅಪ್ಪ ನನ್ನನ್ನು ನೋಡಿದರು. ಅದು ಏಟಿಗಿಂತ ಗಟ್ಟಿಯಾಗಿತ್ತು.

ಆ ಶುಕ್ರವಾರ ಅತ್ಯಾ ಮುಡಿಗೆ ಹೂವಿಟ್ಟಳು. ಟ್ರಂಕಿನಿಂದ ಮಾಮಾನ ಚಪ್ಪಲಿ ತೆಗೆದು ಎಣ್ಣೆ ಹಚ್ಚಿ ಬಾಗಿಲ ಬದಿಗೆ ಇಟ್ಟಳು. ಮುಂದಿನ ಶುಕ್ರವಾರ ಎಸಳು ಬಲಕ್ಕೆ ಬಿತ್ತು. ಚಪ್ಪಲಿ ಟ್ರಂಕಿಗೆ ಹೋಯಿತು. ಅವಳು ಇಡೀ ದಿನ ಮಾತಾಡಲಿಲ್ಲವೆಂದು ಅವ್ವ ಫೋನಿನಲ್ಲಿ ಹೇಳಿದಳು. ಅದರ ಮುಂದಿನ ಶುಕ್ರವಾರ ಎಡಕ್ಕೆ. ಚಪ್ಪಲಿ ಹೊರಗೆ ಬಂತು.

ನಿಮಗೆ ಅರ್ಥವಾಗಿರಬೇಕು. ದೇವಿಯನ್ನು ನಾನು ನೆಟ್ಟಗೆ ನಿಲ್ಲಿಸಿದ್ದೆ. ನೆಟ್ಟಗೆ ನಿಂತ ದೇವಿಗೆ ಎರಡು ಕೆನ್ನೆಯೂ ಒಂದೇ. ವಾಲಿದ್ದಾಗ ಆಕೆ ಸುಳ್ಳೋ ನಿಜವೋ ಹೆಚ್ಚಾಗಿ ಒಂದೇ ಮಾತನ್ನು ಹೇಳುತ್ತಿದ್ದಳು. ಈಗ ಒಂದು ವಾರ ರಘು ಮಾಮಾ ಇರುತ್ತಿದ್ದರು, ಇನ್ನೊಂದು ವಾರ ಇರುತ್ತಿರಲಿಲ್ಲ. ಶನಿವಾರ ಬಸ್ಸಿಳಿದು ನಮ್ಮ ಮಹಡಿ ಹತ್ತುವಾಗ ನನ್ನ ಕಣ್ಣು ಮೊದಲು ಬಾಗಿಲ ಬದಿಗೆ ಹೋಗುತ್ತಿತ್ತು. ಚಪ್ಪಲಿ ಇದ್ದರೆ ಮಾಮಾ ಇದ್ದಾರೆ. ಒಳಗೆ ಅವರಿಗೆ ಇಷ್ಟವಾದ ಬದನೆಕಾಯಿ ಎಣಗಾಯಿ, ಅತ್ಯಾಳ ನಗು. ಇಲ್ಲವೆಂದರೆ ಹಿಂದಿನ ದಿನವಷ್ಟೇ ಯಾರೋ ತೀರಿಹೋದ ಮನೆ. ಅವ್ವ ದನಿ ತಗ್ಗಿಸಿ ಮಾತಾಡುತ್ತಿದ್ದಳು. ನಾವು ಮೂವರೂ ನಂಬದವರು, ಅಥವಾ ಅರೆನಂಬಿದವರು. ಆದರೂ ಮಾಮಾ ಇಲ್ಲದ ಶನಿವಾರ ಟೀವಿ ಹಚ್ಚುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ.

ಸತತ ನಾಲ್ಕು ವಾರ ಎಡಕ್ಕೆ ಬಿದ್ದ ಕಾಲವೊಂದಿತ್ತು. ಅಂಥ ಸಾಲುಗಳು ನಾಣ್ಯದಲ್ಲೂ ಬರುತ್ತವೆ, ಅದಕ್ಕೇನೂ ಅರ್ಥವಿಲ್ಲ ಎಂದು ತರಗತಿಯಲ್ಲಿ ಹೇಳಿ, ಬೋರ್ಡಿನ ಮೇಲೆ ಬರೆದೂ ತೋರಿಸಿ ಬಂದಿದ್ದೆ. ಆ ವಾರ ಮಹಡಿ ಹತ್ತಿ ಬಂದಾಗ ಬಾಗಿಲ ಬದಿಯ ಚಪ್ಪಲಿ ಒದ್ದೆಯಾಗಿತ್ತು. ಹಿಮ್ಮಡಿಯ ಗುಳಿಯಲ್ಲಿ ನೀರು ನಿಂತಿತ್ತು. ಹೊರಗೆ ಮಳೆಯಿರಲಿಲ್ಲ. ನಾನು ಗಂಟೆ ಒತ್ತದೆ ನಿಂತೆ. ಒಳಗೆ ಯಾರೋ ಇಬ್ಬರು ಮಾತಾಡುವ ಸದ್ದು. ಒಂದು ಗಂಡು ದನಿ.

ಅಪ್ಪನ ದನಿ ಅದು, ಅಷ್ಟೇ. ಅವರಿಗೆ ನೆಗಡಿಯಾಗಿತ್ತು. ಚಪ್ಪಲಿಯನ್ನು ಅತ್ಯಾ ತೊಳೆದಿಟ್ಟಿದ್ದಳು. “ಧೂಳ ಕೂತಿತ್ತವಾ” ಎಂದಳು. ಪ್ರತಿಯೊಂದಕ್ಕೂ ಕಾರಣವಿತ್ತು, ಪ್ರತಿಯೊಂದು ಕಾರಣವೂ ಸರಿಯಾಗಿತ್ತು. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ಬಕೆಟ್ಟು ತುಂಬಿ ಹರಿಯುವವರೆಗೆ ಅಲ್ಲೇ ಇದ್ದೆ.

ಅತ್ಯಾ ಸೊರಗುತ್ತಿದ್ದಳು. ವಾಲಿದ ದೇವಿಯ ಕಾಲದಲ್ಲಿ ಅವಳು ದುಃಖದಲ್ಲಿದ್ದಳು, ಆದರೆ ಒಂದೇ ದುಃಖ, ಅದರಲ್ಲಿ ಉಪ್ಪಿನಕಾಯಿ ಹಾಕಲು, ಧಾರಾವಾಹಿ ನೋಡಲು ಜಾಗವಿತ್ತು. ಈಗ ಒಬ್ಬ ಗಂಡನನ್ನೇ ಮತ್ತೆ ಮತ್ತೆ ಕಳೆದುಕೊಂಡು ಮತ್ತೆ ಮತ್ತೆ ಪಡೆಯುವ ಕೆಲಸ. ಒಂದು ಭಾನುವಾರ ಅವಳ ಪಕ್ಕ ಕೂತು ಹೇಳಿದೆ, “ಅತ್ಯಾ, ಕೇಳೂದ ಬಿಟ್ಟಬಿಡು. ಹಿಂಗ ಕೇಳ್ತಾ ಹೋದ್ರ ಕಡೀತನಕಾ ಅರ್ಧಾ ಹೌದು, ಅರ್ಧಾ ಅಲ್ಲನ ಬರ್ತದ.”

“ಅರ್ಧಾ ಇದ್ದಾರ ಅಂತೀಯೇನು?”

“ಹಂಗಲ್ಲ...”

“ಮತ್ತ ಹೆಂಗ? ನೀನ ಲೆಕ್ಕಾ ಮಾಡಾಕಿ. ಹೇಳು.”

ಎಂಥೆಂಥ ನಿರ್ಣಾಯಕರ ಮುಂದೆ ಮಾತಾಡಿದ್ದೇನೆ. ಆ ಭಾನುವಾರ ಬಸ್ಸಿನ ಹೊತ್ತಾಯಿತೆಂದು ಎದ್ದುಬಂದೆ.

ಆಮೇಲೆ ಒಂದು ಶುಕ್ರವಾರ ಸಂಜೆ ಫೋನು ಬಂತು. ಅತ್ಯಾಳೇ ಮಾಡಿದ್ದಳು. “ನಾಳೆ ಬರೂವಾಗ ಕಾಟನ್ ಸೀರಿ ಯಾವುದರ ಇದ್ರ ತಗೊಂಡ ಬಾ. ಭಾನುವಾರ ನದೀಗೆ ಹೋಗೂದದ. ಅಣ್ಣಗ ಹೂಂ ಅಂದೇನಿ.”

ಶನಿವಾರ ಮಹಡಿ ಹತ್ತಿದಾಗ ಬಾಗಿಲ ಬದಿ ಖಾಲಿಯಿತ್ತು. ಸರಿ, ಬಲಕ್ಕೆ ಬಿದ್ದಿದೆ, ಅದಕ್ಕೇ ಒಪ್ಪಿದ್ದಾಳೆ ಎಂದುಕೊಂಡೆ. ಬೇಕಾದ ಫಲ ಬಂದಾಗ ಎಣಿಕೆ ನಿಲ್ಲಿಸುವುದು ನಮ್ಮ ಶಾಸ್ತ್ರದಲ್ಲಿ ದೊಡ್ಡ ತಪ್ಪು. ಬಾಯಿ ಮುಚ್ಚಿಕೊಂಡು ಸೀರೆ ತೆಗೆದು ಕೊಟ್ಟೆ.

ಗೋದಾವರಿಯ ದಂಡೆಯಲ್ಲಿ, ಜನ ಮುಳುಗೇಳುವ ಕಡೆಯಿಂದ ಆಚೆಗೆ, ಗುರೂಜಿ ಆ ಆಕಾರವನ್ನು ಮಲಗಿಸಿದ್ದರು. ದರ್ಭೆಯ ಕೈಕಾಲು, ಮುತ್ತಲದ ಎಲೆಯ ಮೈ, ತಲೆಯ ಜಾಗದಲ್ಲಿ ತೆಂಗಿನಕಾಯಿ. ಮಾಮಾನ ಕಡೆಯವರು ಯಾರೂ ಉಳಿದಿರಲಿಲ್ಲ. ಅತ್ಯಾಳ ಕೈಯಿಂದ ದರ್ಭೆ ಇಸಿದುಕೊಂಡು ಅಪ್ಪ ಕರ್ಮಕ್ಕೆ ಕೂತರು. ಗುರೂಜಿ ಮರಾಠಿಯಲ್ಲಿ, ಬಟ್ಟೆ ಹೊಲಿಯುವವರು ಕೇಳುವಷ್ಟು ಸಹಜವಾಗಿ, “ಎತ್ತರ ಇಷ್ಟೇ ಇತ್ತಾ?” ಎಂದು ಅತ್ಯಾಳನ್ನು ಕೇಳಿದರು. ಅವಳು ಬಗ್ಗಿ ನೋಡಿ, “ಸ್ವಲ್ಪ ಉದ್ದ ಇದ್ದರು” ಎಂದಳು. ಅವರು ಕಾಲಿಗೆ ಇನ್ನೊಂದಿಷ್ಟು ದರ್ಭೆ ಸೇರಿಸಿ ಕಟ್ಟಿದರು. ಆ ಕ್ಷಣದಲ್ಲಿ ಅದು ಹುಲ್ಲಾಗಿ ಉಳಿಯಲಿಲ್ಲ. ನನಗೆ ಗೊತ್ತಿದ್ದ ಒಬ್ಬ ಮನುಷ್ಯ ಅಂಗಾತ ಮಲಗಿದ್ದ. ಬೆಂಕಿ ತಾಗಿದಾಗ ಹಸಿ ಎಲೆಗಳು ಸಿಡಿದು, ಕೈಯ ಜಾಗದಲ್ಲಿದ್ದ ದರ್ಭೆ ಮುರುಟಿ ನಿಧಾನ ಮೇಲೆದ್ದಿತು. ಹಸಿಯಿರುವಾಗ ಸುಟ್ಟರೆ ಹುಲ್ಲು ಹಾಗೇ ಮುರುಟುತ್ತದೆ, ನನಗೆ ಗೊತ್ತು.

ಎಲ್ಲ ಮುಗಿದ ಮೇಲೆ, ಹಿಂದೆ ತಿರುಗಿ ನೋಡದೆ ಮೆಟ್ಟಿಲು ಹತ್ತಿ ಹೋಗಬೇಕೆಂದು ಗುರೂಜಿ ಹೇಳಿದರು. ಅಪ್ಪ ಅವ್ವ ಮುಂದೆ ಹೊರಟರು. ಒದ್ದೆ ಸೀರೆಯ ಅತ್ಯಾಳ ಕೈ ಹಿಡಿದು ನಾನು ಹಿಂದೆ ಬಂದೆ. ಸುಮ್ಮನಿರಬಹುದಿತ್ತು. ನನ್ನಂಥ ವಾದಗಾರ ಜಾತಿಗೆ ಅದು ಬರುವುದಿಲ್ಲ.

“ಅತ್ಯಾ, ಕಡೀಕೂ ಬಲಕ್ಕ ಬಿತ್ತಲ್ಲ. ಇನ್ನ ಮ್ಯಾಲೆ ಸಮಾಧಾನ ತಗೋ.”

“ಎಲ್ಲೆ ಬಲಕ್ಕ ಬಿತ್ತು?” ಎಂದಳು. “ಎಡಕ್ಕ ಬಿದ್ದದ.”

ನನ್ನ ಕಾಲು ಮೆಟ್ಟಿಲ ಮೇಲೆ ನಿಂತಿತು. “ಎಡಕ್ಕ ಅಂದ್ರ... ಅವರು...”

“ಹೂಂ. ಇದ್ದಾರ ಅಂತ ಹೇಳ್ಯಾಳ. ಚಪ್ಪಲಿ ಮಾತ್ರ ಈ ಸಲ ನಾ ಹೊರಗ ಇಡಲಿಲ್ಲ.”

“ಅತ್ಯಾ! ಇದ್ದವರನ್ನ ಸುಟ್ಟಂಗಾತಲ್ಲ!”

“ಆತು.” ಅವಳು ಸೆರಗಿನ ನೀರು ಹಿಂಡಿದಳು. “ಬಲಕ್ಕ ಬಿದ್ದ ವಾರ ಮಾಡಿದ್ರ ಅದು ಆಕಿ ಮಾಡಿಸಿದ್ದಾಗ್ತಿತ್ತು. ಇಲ್ಲಾಂದ್ರ ನಿನ್ನ ರಟ್ಟು ಮಾಡಿಸಿದ್ದು. ಅದಕ್ಕ ಅವರು ಇದ್ದ ವಾರನ ಕಾಯ್ದೆ. ಎಲ್ಲಿದ್ರೂ ಇರ್ಲಿ, ಉಣ್ಲಿ, ಮಕ್ಕೊಳ್ಲಿ. ಇದು ನಾ ಮಾಡಿದ್ದು.”

ನನ್ನ ಕೈ ಬಿಡಿಸಿಕೊಂಡು ಅವಳು ಮೆಟ್ಟಿಲು ಹತ್ತಿದಳು, ಒಂದೊಂದಾಗಿ, ಒಮ್ಮೆಯೂ ತಿರುಗದೆ.

ನಾನು ತಿರುಗಿ ನೋಡಿದೆ.